ತಪ್ಪು ತಟ್ಟೆಯದೋ, ದಿಂಬಿನದೋ?

ಮಗುವಿಗೆ ಎರಡು ದಿನ ಮೂಗು ಸೋರಿತು ಅಂದುಕೊಳ್ಳಿ. ಮನೆಯಲ್ಲಿ ಮೊದಲು ಬಂದ್ ಆಗುವುದು ಏನು ಹೇಳಿ? ಬಾಳೆಹಣ್ಣು. ಮೂರನೇ ದಿನ ಮೊಸರು. ವಾರವಾದರೂ ನಿಲ್ಲಲಿಲ್ಲ ಅಂದರೆ ಸೀಬೆ, ದ್ರಾಕ್ಷಿ, ಕಿತ್ತಳೆ, ಸೌತೆಕಾಯಿ ಎಲ್ಲವೂ ‘ಥಂಡಿ’ ಲೆಕ್ಕಕ್ಕೆ ಸೇರಿಬಿಡುತ್ತವೆ. ಮೈಮೇಲೆ ನಾಲ್ಕು ಗಂದೆ ಎದ್ದರಂತೂ ‘ಬದನೆಕಾಯಿ ನಂಜು, ಕೊಡಬೇಡ’ ಅಂತ ಊರಿನಿಂದ ಫೋನ್ ಬರುತ್ತದೆ. ಎದುರುಮನೆಯವರು ಹಾಲು ನಿಲ್ಲಿಸಿ ನೋಡಿ ಅಂತಾರೆ. ಓರಗಿತ್ತಿ ವಾಟ್ಸ್‌ಆ್ಯಪ್‌ನಲ್ಲಿ ಗೋಧಿಯೇ ವಿಷ ಅನ್ನುವ ವಿಡಿಯೊ ಕಳಿಸುತ್ತಾಳೆ. ತಿಂಗಳು ಮುಗಿಯುವ ಹೊತ್ತಿಗೆ ಆ ಮಗುವಿನ ತಟ್ಟೆಯಲ್ಲಿ ಉಳಿದಿರುವುದು ಬಿಸಿ ಅನ್ನ, ತಿಳಿಸಾರು. ಮೂಗು ಮಾತ್ರ ಸೋರುತ್ತಲೇ ಇದೆ!

ಯಾರನ್ನು ಕೇಳಿದರೂ ‘ನಮ್ಮ ಮಗೂಗೆ ಅಲರ್ಜಿ ಕಣ್ರೀ’ ಅನ್ನುವ ಕಾಲ ಇದು. ಡಸ್ಟ್ ಅಲರ್ಜಿ, ಹಾಲಿನ ಅಲರ್ಜಿ, ಬೆಂಗಳೂರಿನ ಹವಾ ಅಲರ್ಜಿ, ಕೊನೆಗೆ ಗಣಿತ ಅಂದರೂ ಅಲರ್ಜಿ. ಮಾತು ಇಷ್ಟು ಅಗ್ಗವಾದ ಮೇಲೆ ಎರಡು ತೊಂದರೆಗಳಾಗಿವೆ ಅಂತ ನನಗನ್ನಿಸುತ್ತದೆ. ಅಲರ್ಜಿಯೇ ಅಲ್ಲದ್ದಕ್ಕೆ ಮಗುವಿನ ಊಟ ಕಿತ್ತುಕೊಳ್ಳುತ್ತೇವೆ. ನಿಜವಾದ ಅಲರ್ಜಿ ಬಂದು ಎದುರಿಗೆ ನಿಂತಾಗ ‘ಅಲರ್ಜಿ ತಾನೇ, ಹೋಗುತ್ತೆ ಬಿಡಿ’ ಅಂತ ಸುಮ್ಮನಾಗುತ್ತೇವೆ. ತಟ್ಟೆಯ ಮೇಲಿರುವ ಅನುಮಾನದಲ್ಲಿ ಕಾಲು ಭಾಗ ದಿಂಬಿನ ಮೇಲೆ ಇಟ್ಟಿದ್ದರೂ ಎಷ್ಟೋ ಮಕ್ಕಳು ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದವು. ದಿಂಬಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಅಲರ್ಜಿ ಅಂದರೆ ಏನು ಅಂತ ಸ್ವಲ್ಪ ನೋಡಿಬಿಡೋಣ.

ಈ ಪದಕ್ಕೆ ಹೆಚ್ಚು ವಯಸ್ಸೇನಲ್ಲ. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಅದನ್ನು ಮೊದಲು ಬಳಸಿದರು. ಬೇರೆಯವರಿಗೆ ಏನೂ ಮಾಡದ ವಸ್ತು ಒಬ್ಬರ ದೇಹವನ್ನು ಮಾತ್ರ ಯಾಕೆ ಕೆರಳಿಸುತ್ತದೆ ಅನ್ನುವುದು ಗೊತ್ತಾಗಲು ಇನ್ನೂ ಅರವತ್ತು ವರ್ಷ ಹಿಡಿಯಿತು. 1966ರಲ್ಲಿ ಜಪಾನ್ ಮೂಲದ ದಂಪತಿ ಕಿಮಿಶಿಗೆ ಇಶಿಜಾಕಾ ಮತ್ತು ತೆರುಕೊ ಇಶಿಜಾಕಾ ರಕ್ತದಲ್ಲಿರುವ ಐಜಿಇ ಅನ್ನುವ ಪ್ರತಿಕಾಯವನ್ನು ಗುರುತಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಸ್ವೀಡನ್ನಿನ ವಿಜ್ಞಾನಿಗಳೂ ಅದನ್ನೇ ಕಂಡುಕೊಂಡರು. ನಮಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯೂರಿಟಿಯವನನ್ನು ನೆನಪಿಸಿಕೊಳ್ಳಿ. ಕಳ್ಳನನ್ನು ತಡೆಯುವುದು ಅವನ ಕೆಲಸ. ಅವನು ದಿನಾ ಬರುವ ಹಾಲಿನವನನ್ನೇ ಕಳ್ಳ ಅಂತ ತಿಳಿದು, ಸೀಟಿ ಊದಿ, ಇಡೀ ಬಿಲ್ಡಿಂಗನ್ನೇ ಎಬ್ಬಿಸಿದರೆ ಹೇಗಿರುತ್ತದೆ? ಅಲರ್ಜಿ ಇರುವವರ ದೇಹದಲ್ಲಿ ಆಗುವುದು ಇದೇ. ದೂಳು, ಪರಾಗ, ಕಡಲೆಬೀಜ ಇಂಥ ಸಾಧು ವಸ್ತುವನ್ನು ಶತ್ರು ಅಂತ ಗುರುತು ಹಾಕಿಕೊಂಡು, ಅದು ಮತ್ತೆ ಒಳಗೆ ಬಂದಾಗಲೆಲ್ಲ ದೇಹ ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಸುರಿಯುತ್ತದೆ. ಅದರಿಂದಲೇ ಸೀನು, ನೀರು ಸೋರುವ ಕಣ್ಣು, ತುರಿಕೆ, ಗಂದೆ, ಉಬ್ಬಸ.

ಹಾಗಾದ್ದರಿಂದ ನಿಜವಾದ ಆಹಾರದ ಅಲರ್ಜಿಗೆ ಒಂದು ನಡತೆ ಇದೆ. ಸಾಮಾನ್ಯವಾಗಿ ತಿಂದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಅದೇ ಪದಾರ್ಥ ಮತ್ತೆ ಹೊಟ್ಟೆಗೆ ಹೋದರೆ ಮತ್ತೆ ಬರುತ್ತದೆ. ಚೂರೇ ತಿಂದರೂ ಬರುತ್ತದೆ. ಸೋಮವಾರ ಬಾಳೆಹಣ್ಣು ತಿಂದದ್ದಕ್ಕೆ ಗುರುವಾರ ಮೂಗು ಕಟ್ಟಿತು ಅನ್ನುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಶಾಲೆಯ ಮಕ್ಕಳಿಗೆ, ಅದರಲ್ಲೂ ಮೊದಲ ಸಲ ಪ್ಲೇಹೋಮಿಗೆ ಹೋಗುವ ಪುಟಾಣಿಗಳಿಗೆ, ವರ್ಷದಲ್ಲಿ ಆರೆಂಟು ಸಲ ವೈರಸ್ಸಿನ ನೆಗಡಿ ಬರುವುದು ಮಾಮೂಲು. ಅದಕ್ಕೂ ಹಣ್ಣಿಗೂ ಸಂಬಂಧವಿಲ್ಲ.

ಇನ್ನು ‘ತುರಿಕೆ ಬಂತು, ಅಲರ್ಜಿ ಇರಬೇಕು’ ಅನ್ನುವ ಮಾತು. ಸುವರ್ಣಗೆಡ್ಡೆ, ಕೆಸುವಿನ ಎಲೆ ತಿಂದಾಗ ನಾಲಿಗೆ, ಗಂಟಲು ತುರಿಸುವುದು ನಮಗೆಲ್ಲ ಗೊತ್ತು. ಅದಕ್ಕೇ ಅಲ್ಲವೇ ಹುಣಸೆಹಣ್ಣು ಹಾಕಿ ಬೇಯಿಸುವುದು? ಅದು ಅಲರ್ಜಿಯಲ್ಲ. ಆ ಗೆಡ್ಡೆ, ಎಲೆಗಳಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ, ಅವು ಯಾರ ನಾಲಿಗೆಗೆ ಚುಚ್ಚಿದರೂ ತುರಿಸುತ್ತದೆ. ಹಾಲು ಕುಡಿದ ಮೇಲೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ ಅನ್ನುವ ದೊಡ್ಡವರಲ್ಲಿ ಹೆಚ್ಚಿನವರಿಗೆ ಇರುವುದು ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆ. ಅವರು ಮೊಸರು, ಮಜ್ಜಿಗೆ ಆರಾಮಾಗಿ ತಿನ್ನಬಹುದು. ಹಾಲಿನ ಅಲರ್ಜಿ ಬೇರೆಯೇ, ಅದು ಹಾಲಿನ ಪ್ರೋಟೀನಿಗೆ ಬರುವುದು, ಎಳೆಮಕ್ಕಳಲ್ಲಿ ಹೆಚ್ಚು, ಮತ್ತು ಅವರಲ್ಲಿ ಬಹುಪಾಲು ಮಕ್ಕಳಿಗೆ ಬೆಳೆಯುತ್ತ ಬೆಳೆಯುತ್ತ ತಾನಾಗಿಯೇ ಹೋಗಿಬಿಡುತ್ತದೆ. ಮೊಟ್ಟೆಯದೂ ಹಾಗೇ. ಕಡಲೆಬೀಜ, ಗೋಡಂಬಿ, ಮೀನು, ಸಿಗಡಿಯ ಅಲರ್ಜಿ ಮಾತ್ರ ಸಾಮಾನ್ಯವಾಗಿ ಅಷ್ಟು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ.

ಬದನೆಕಾಯಿ ಪಾಪ, ಅದರ ಹೆಸರು ಕೆಟ್ಟಿರುವಷ್ಟು ಬೇರೆ ಯಾವ ತರಕಾರಿಯದೂ ಕೆಟ್ಟಿಲ್ಲ. ಹಾಗಂತ ಪೂರ್ತಿ ಸುಳ್ಳೂ ಅಲ್ಲ. ಮೈಸೂರಿನಲ್ಲಿ 741 ಜನರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬದನೆಯಿಂದಲೂ ನಿಜವಾದ ಅಲರ್ಜಿ ಬರಬಹುದು, ಅದೂ ಹೆಂಗಸರಲ್ಲೇ ಹೆಚ್ಚು ಅಂತ ತೋರಿಸಿತು. ಆದರೆ ಎಷ್ಟು ಜನಕ್ಕೆ? ಶೇಕಡಾ ಒಂದಕ್ಕಿಂತ ಕಡಿಮೆ. ಉಳಿದವರು ಎಣ್ಣೆಗಾಯಿ ಮಾಡಿಕೊಂಡು ತಿನ್ನಲು ಅಡ್ಡಿಯಿಲ್ಲ!

ಆಹಾರದ ಅಲರ್ಜಿಯ ಬಗ್ಗೆ ನಮ್ಮ ರಾಜ್ಯದಲ್ಲೇ ಇನ್ನೂ ದೊಡ್ಡ ಸಮೀಕ್ಷೆ ನಡೆದಿದೆ. ಬೆಂಗಳೂರು, ಮೈಸೂರು ಕಡೆಯ ಹನ್ನೊಂದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಮಾತನಾಡಿಸಿ, ಅವರಲ್ಲಿ ಆಯ್ದವರ ರಕ್ತ ಪರೀಕ್ಷಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವುದಾದರೊಂದು ಆಹಾರಕ್ಕೆ ರಕ್ತದಲ್ಲಿ ಐಜಿಇ ಕಾಣಿಸಿದ್ದು ಶೇಕಡಾ 26.5 ಜನರಲ್ಲಿ. ಅದೇ ಆಹಾರ ತಿಂದರೆ ನಿಜವಾಗಿ ತೊಂದರೆ ಆಗುತ್ತಿದ್ದದ್ದು ಶೇಕಡಾ 1.2 ಜನಕ್ಕೆ ಮಾತ್ರ. ಈ ಎರಡು ಸಂಖ್ಯೆಗಳನ್ನು ದಯವಿಟ್ಟು ಇನ್ನೊಮ್ಮೆ ಓದಿ. ರಿಪೋರ್ಟಿನಲ್ಲಿ ‘ಪಾಸಿಟಿವ್’ ಅಂತ ಬಂದ ಇಪ್ಪತ್ತು ಜನರಲ್ಲಿ ಹತ್ತೊಂಬತ್ತು ಜನ ಅದನ್ನು ತಿಂದು ಚೆನ್ನಾಗಿಯೇ ಇದ್ದರು ಅಂದ ಹಾಗಾಯಿತು. 2020ರಲ್ಲಿ ಬಂದ ಮತ್ತೊಂದು ವರದಿಯಲ್ಲಿ ನಮ್ಮ ಶಾಲಾ ಮಕ್ಕಳಲ್ಲಿ ಆಹಾರದ ಅಲರ್ಜಿ ಇರುವ ಸಾಧ್ಯತೆ ಕಂಡದ್ದು ಶೇಕಡಾ 0.14ರಷ್ಟು, ಅಂದರೆ ಸಾವಿರ ಮಕ್ಕಳಲ್ಲಿ ಒಂದಿಬ್ಬರು. ಎಳೆಗೂಸುಗಳ ಲೆಕ್ಕ ಅದರಲ್ಲಿಲ್ಲ ಅನ್ನುವುದು ನಿಜ. ಆದರೂ ನಮ್ಮ ಬೀದಿಯಲ್ಲೇ ‘ಫುಡ್ ಅಲರ್ಜಿ’ ಅಂತ ಹೇಳಿಕೊಳ್ಳುವ ಮಕ್ಕಳು ಅದಕ್ಕಿಂತ ಹೆಚ್ಚು ಇದ್ದಾರಲ್ಲ!

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಈಗ ಲ್ಯಾಬುಗಳು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗಿ ‘ಇನ್ನೂರು ಆಹಾರಗಳ ಪ್ಯಾಕೇಜ್’ ಅಂತ ಸಾವಿರಾರು ರೂಪಾಯಿಯ ರಿಪೋರ್ಟ್ ಕಳಿಸುತ್ತವೆ. ಅದರಲ್ಲಿ ಅಕ್ಕಿಗೂ ಕೆಂಪು ಗೆರೆ, ತೊಗರಿಬೇಳೆಗೂ ಕೆಂಪು ಗೆರೆ. ಅಡುಗೆಮನೆಯಲ್ಲಿ ನಿಂತು ನಾವು ಅಳುವುದೊಂದು ಬಾಕಿ. ಇವುಗಳಲ್ಲಿ ಕೆಲವು ಅಳೆಯುವುದು ಐಜಿಇಯನ್ನೂ ಅಲ್ಲ, ಐಜಿಜಿ ಎನ್ನುವ ಬೇರೆ ಪ್ರತಿಕಾಯವನ್ನು. ಅದು ನಾವು ಯಾವ ಆಹಾರ ತಿನ್ನುತ್ತೇವೆ ಅನ್ನುವುದರ ಗುರುತೇ ಹೊರತು ಅಲರ್ಜಿಯ ಗುರುತಲ್ಲ. ಅಲರ್ಜಿ ತಜ್ಞರ ಸಂಘಗಳು ಅಂಥ ಪರೀಕ್ಷೆ ಬೇಡ ಅಂತ ಎಷ್ಟೋ ವರ್ಷಗಳಿಂದ ಹೇಳುತ್ತಾ ಬಂದಿವೆ. ಒಳ್ಳೆಯ ವೈದ್ಯರು ಮೊದಲು ನಿಮ್ಮ ಮಾತು ಕೇಳುತ್ತಾರೆ, ಏನು ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು ಅಂತ. ಆಮೇಲೆ ಬೇಕಿದ್ದರೆ ಅನುಮಾನವಿರುವ ಒಂದೆರಡು ಪದಾರ್ಥಕ್ಕೆ ಮಾತ್ರ ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಅಥವಾ ರಕ್ತಪರೀಕ್ಷೆ. ಮಗುವಿನ ಹಾಲು, ಗೋಧಿ, ಬೇಳೆ ನಿಲ್ಲಿಸುವ ಅಧಿಕಾರವನ್ನು ಒಂದು ಕೆಂಪು ಗೆರೆಗೆ ಕೊಡಬೇಡಿ. ಬೆಳೆಯುವ ವಯಸ್ಸಿನಲ್ಲಿ ಅದು ಸಣ್ಣ ನಷ್ಟವಲ್ಲ.

ಸರಿ, ಹಾಗಾದರೆ ಆ ಮೂಗು ಸೋರುವುದು ಯಾಕೆ?

ನಮ್ಮ ಕೆಳಗಿನ ಮನೆಯ ಹುಡುಗನೊಬ್ಬನಿದ್ದಾನೆ, ಎಂಟು ವರ್ಷ. ಬೆಳಗ್ಗೆ ಎದ್ದ ತಕ್ಷಣ ಸಾಲಾಗಿ ಹತ್ತು ಹನ್ನೆರಡು ಸೀನು. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಗೆರೆ ಬಿದ್ದಿದೆ. ಎರಡು ವರ್ಷ ಮೊಸರು, ಬಾಳೆಹಣ್ಣು, ಐಸ್‌ಕ್ರೀಮ್ ಏನೂ ಇಲ್ಲ. ಕೊನೆಗೆ ಅಲರ್ಜಿ ವೈದ್ಯರು ನೋಡಿ ಹೇಳಿದ್ದು, ‘ಇವನ ತಟ್ಟೆಯಲ್ಲಿ ಏನೂ ತಪ್ಪಿಲ್ಲಮ್ಮ, ಹಾಸಿಗೆ ನೋಡಿ’ ಅಂತ. ಹಾಸಿಗೆ, ದಿಂಬು, ರಗ್ಗುಗಳಲ್ಲಿ ಕಣ್ಣಿಗೆ ಕಾಣದ ದೂಳುನುಸಿಗಳು ಇರುತ್ತವೆ. ಒಂದು ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಅವುಗಳ ಊಟ. ತೇವ ಇರುವ ಸೆಖೆಯಿಲ್ಲದ ಹವೆ ಅವುಗಳಿಗೆ ಬಲು ಪ್ರೀತಿ, ಅಂದರೆ ನಮ್ಮ ಬೆಂಗಳೂರು, ಮೈಸೂರು, ಮಲೆನಾಡಿನ ಹವೆ! ತೊಂದರೆ ಕೊಡುವುದು ಮುಖ್ಯವಾಗಿ ಅವುಗಳ ಹಿಕ್ಕೆ. ರಾತ್ರಿಯಿಡೀ ಮಗು ಮುಖ ಒತ್ತಿಕೊಂಡು ಮಲಗುವುದು ಅದರ ಮೇಲೆಯೇ. ಬೆಳಗ್ಗೆ ಸೀನು ಜಾಸ್ತಿ ಯಾಕೆ ಅಂತ ಈಗ ಹೊಳೆಯಿತಲ್ಲ?

ಏನು ಮಾಡಬೇಕು? ಬೆಡ್‌ಶೀಟ್, ದಿಂಬಿನ ಕವರ್ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಹೆಚ್ಚಿನ ವಾಷಿಂಗ್ ಮೆಷಿನ್‌ಗಳಲ್ಲಿ ಆ ಬಟನ್ ಇದೆ, ನಾವು ಒತ್ತುವುದಿಲ್ಲ ಅಷ್ಟೆ. ಹಾಸಿಗೆಯನ್ನು ಬಿಸಿಲಿಗೆ ಹಾಕುವ ನಮ್ಮ ಅಜ್ಜಿಯರ ಪದ್ಧತಿ ಒಳ್ಳೆಯದೇ, ಒಣಗಿದರೆ ನುಸಿ ಬದುಕುವುದಿಲ್ಲ. ಆದರೆ ಸತ್ತ ನುಸಿ, ಅದರ ಹಿಕ್ಕೆ ಅಲ್ಲೇ ಉಳಿಯುತ್ತದೆ, ಒಗೆದರೆ ಮಾತ್ರ ಹೋಗುತ್ತದೆ. ಹಾಸಿಗೆಗೂ ದಿಂಬಿಗೂ ಪೂರ್ತಿ ಮುಚ್ಚುವ ಜಿಪ್ ಕವರ್ ಹಾಕಿ. ಒಗೆಯಲಾಗದ ಟೆಡ್ಡಿಬೇರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ಚೆನ್ನಾಗಿ ಕೊಡವಿ. ಚಳಿ ಬಂತು ಅಂತ ಟ್ರಂಕಿನಿಂದ ತೆಗೆದ ರಗ್ಗನ್ನು ಹಾಗೇ ಮಗುವಿಗೆ ಹೊದಿಸಬೇಡಿ. ಒಣ ಪೊರಕೆಯಿಂದ ಗುಡಿಸಿ ದೂಳು ಎಬ್ಬಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ, ಮಗು ಮನೆಯಲ್ಲಿಲ್ಲದ ಹೊತ್ತಿನಲ್ಲಿ. ಇಷ್ಟೆಲ್ಲ ಮಾಡಿದರೂ ಕೆಲವರಿಗೆ ಔಷಧಿ ಬೇಕೇ ಬೇಕಾಗುತ್ತದೆ, ‘ಮನೆ ಕ್ಲೀನ್ ಇಟ್ಟಿಲ್ಲ’ ಅಂತ ಯಾರೂ ನಿಮ್ಮನ್ನು ಬೈಯುವ ಹಾಗಿಲ್ಲ.

ಜಿರಲೆಯೂ ದೊಡ್ಡ ಅಲರ್ಜಿಕಾರಕ. ಖಾಲಿ ಸೈಟುಗಳಲ್ಲಿ ಬೆಳೆಯುವ ಪಾರ್ಥೇನಿಯಂ, ನಾವು ಕಾಂಗ್ರೆಸ್ ಗಿಡ ಅನ್ನುತ್ತೇವಲ್ಲ, ಅದರ ಪರಾಗ ಮೂಗಿಗೂ, ಅದರ ಎಲೆ ಚರ್ಮಕ್ಕೂ ಒಗ್ಗುವುದಿಲ್ಲ. 1984ರಲ್ಲಿ ಅದನ್ನು ತಿನ್ನಲೆಂದೇ ಮೆಕ್ಸಿಕೊದ ದುಂಬಿಯನ್ನು ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ತಿನ್ನುತ್ತಲೇ ಇದೆ, ಗಿಡವೂ ಬೆಳೆಯುತ್ತಲೇ ಇದೆ. ಅಗರಬತ್ತಿ, ಧೂಪ, ಸೊಳ್ಳೆಬತ್ತಿಯ ಹೊಗೆ ಅಲರ್ಜಿಕಾರಕ ಅಲ್ಲದಿದ್ದರೂ ಮೊದಲೇ ಕೆರಳಿದ ಮೂಗು, ಎದೆಯನ್ನು ಇನ್ನಷ್ಟು ಕೆರಳಿಸುತ್ತದೆ. ದೇವರಿಗೆ ದೀಪ ಸಾಕು, ಮುನಿಸಿಕೊಳ್ಳುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಸಿಟ್ಟು ಬರುವ ವಿಷಯಕ್ಕೆ ಬರುತ್ತೇನೆ. ಮೂಗಿನ ಅಲರ್ಜಿ ಇರುವ ಮಕ್ಕಳಲ್ಲಿ ಹಲವರಿಗೆ ಜೊತೆಯಲ್ಲೇ ಅಸ್ತಮಾ ಇರುತ್ತದೆ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳ ದಾಖಲೆ ಇಟ್ಟು ನೋಡಿದಾಗ, 1979ರಲ್ಲಿ ಶೇಕಡಾ 9ರಷ್ಟಿದ್ದ ಅಸ್ತಮಾ 1999ರ ಹೊತ್ತಿಗೆ ಶೇಕಡಾ 29.5 ಆಗಿತ್ತು. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಊರಿನ ಎಲ್ಲ ಮಕ್ಕಳದಲ್ಲ, ಆದರೂ ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟು. ವೈದ್ಯರು ನೋಡಿ ಇನ್‌ಹೇಲರ್ ಬರೆದುಕೊಡುತ್ತಾರೆ. ಮನೆಗೆ ಬಂದರೆ ಶುರು: ‘ಪಂಪಾ? ಅದು ಕೊನೇ ಹಂತದವರಿಗೆ ಕಣಮ್ಮಾ’, ‘ಅಭ್ಯಾಸ ಆಗಿಬಿಡುತ್ತೆ’, ‘ಸ್ಟೆರಾಯ್ಡ್ ಅಂತೆ, ಮಗು ಕುಳ್ಳಗೆ ಉಳಿಯುತ್ತೆ’, ‘ಸಿರಪ್ಪೇ ಕೊಡಿ ಡಾಕ್ಟ್ರೇ’.

ಲೆಕ್ಕ ಹಾಕಿ ನೋಡಿ. ಉಸಿರಾಟ ಸಡಿಲಿಸುವ ಸಾಲ್ಬುಟಮಾಲ್ ಎಂಬ ಔಷಧಿಯ ಒಂದು ಮಾತ್ರೆಯಲ್ಲಿ 2 ಮಿಲಿಗ್ರಾಂ ಇರುತ್ತದೆ. ಅದೇ ಔಷಧಿ ಇನ್‌ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೊಗ್ರಾಂ. ಅಂದರೆ ಒಂದು ಮಾತ್ರೆ ಇಪ್ಪತ್ತು ಪಫ್‌ಗಳಿಗೆ ಸಮ! ಮಾತ್ರೆ, ಸಿರಪ್ ಹೊಟ್ಟೆಗೆ ಹೋಗಿ ಇಡೀ ಮೈಯಲ್ಲಿ ಸುತ್ತಿ, ಕೈ ನಡುಗಿಸಿ, ಎದೆ ಡವಡವ ಅನ್ನಿಸಿ ಆಮೇಲೆ ಶ್ವಾಸಕೋಶಕ್ಕೆ ಬರುತ್ತದೆ. ಇನ್‌ಹೇಲರ್ ನೇರ ಅಲ್ಲಿಗೇ ಹೋಗುತ್ತದೆ. ಯಾವುದು ‘ಸ್ಟ್ರಾಂಗ್’ ಹೇಳಿ? ಸ್ಟೆರಾಯ್ಡ್ ಇನ್‌ಹೇಲರಿನಿಂದ ಎತ್ತರಕ್ಕೆ ಏನೂ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಅಮೆರಿಕದಲ್ಲಿ ಮಕ್ಕಳನ್ನು ದೊಡ್ಡವರಾಗುವ ತನಕ ಗಮನಿಸಿ 2012ರಲ್ಲಿ ಹೇಳಿದ್ದು ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಅಂತ. ಬೆರಳಿನ ಅಗಲಕ್ಕಿಂತ ಕಡಿಮೆ ಅನ್ನಿ. ಅದನ್ನು ಒಂದು ಕಡೆ ಇಡಿ, ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಪಕ್ಕೆ ಒಳಸೇದಿಕೊಂಡು ಉಸಿರಿಗೆ ಒದ್ದಾಡುವ ಮಗುವನ್ನು ಇನ್ನೊಂದು ಕಡೆ ಇಡಿ.

ಇನ್ನೊಂದು ಸಂಗತಿ. ದಿನಾ ತೆಗೆದುಕೊಳ್ಳುವ ಇನ್‌ಹೇಲರ್ ಬೇರೆ, ಉಬ್ಬಸ ಬಂದಾಗ ತೆಗೆದುಕೊಳ್ಳುವುದು ಬೇರೆ. ಮಗು ಚೆನ್ನಾಗಿದೆ ಅಂತ ನಾವೇ ದಿನದ್ದನ್ನು ನಿಲ್ಲಿಸಿಬಿಡುತ್ತೇವೆ. ಮಗು ಚೆನ್ನಾಗಿರುವುದೇ ಅದರಿಂದ. ನಿಲ್ಲಿಸುವುದು, ಕಡಿಮೆ ಮಾಡುವುದು ವೈದ್ಯರಿಗೆ ಬಿಡಿ. ಚಿಕ್ಕ ಮಕ್ಕಳಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಹಾಕಿಯೇ ಕೊಡಬೇಕು, ಇಲ್ಲದಿದ್ದರೆ ಅರ್ಧಕ್ಕರ್ಧ ಔಷಧಿ ಬಾಯಲ್ಲೇ ಉಳಿಯುತ್ತದೆ. ಮೃಗಶಿರಾ ಹೊತ್ತಿಗೆ ಹೈದರಾಬಾದಿಗೆ ಹೋಗಿ ಜೀವಂತ ಮೀನಿನ ಬಾಯಲ್ಲಿಟ್ಟ ಮದ್ದು ನುಂಗಿಸಿಕೊಂಡು ಬರುವವರು ನಮ್ಮ ಕಡೆಯೂ ಇದ್ದಾರೆ. ಅದರಿಂದ ಉಬ್ಬಸ ಗುಣವಾಗುತ್ತದೆ ಅನ್ನುವುದಕ್ಕೆ ವೈದ್ಯಕೀಯ ಪುರಾವೆ ಇಲ್ಲ. ಹೋಗುವವರು ಹೋಗಲಿ, ಇನ್‌ಹೇಲರನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗಬೇಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕೆಟ್ಟದಾಗಿ ನಡೆಯುತ್ತದೆ. ‘ನಾಳೆ ಮದುವೆ ಮಾಡಬೇಕು, ಅಸ್ತಮಾ ಅಂತ ಯಾರಿಗೂ ಹೇಳಬೇಡಿ’ ಅಂತ ಹದಿನಾಲ್ಕರ ಹುಡುಗಿಯ ಇನ್‌ಹೇಲರನ್ನು ಬ್ಯಾಗಿನ ತಳದಲ್ಲಿ ಕರ್ಚೀಫಿನಲ್ಲಿ ಸುತ್ತಿಡುತ್ತೇವೆ. ಶಾಲೆಯಲ್ಲಿ ಟೀಚರಿಗೂ ಗೊತ್ತಿಲ್ಲ, ಗೆಳತಿಯರಿಗೂ ಗೊತ್ತಿಲ್ಲ. ಪಿ.ಟಿ. ಪಿರಿಯಡ್‌ನಲ್ಲಿ ಉಸಿರು ಕಟ್ಟಿದರೆ ಅವಳು ಯಾರಿಗೆ ಹೇಳಬೇಕು? ಅದೇ ವಯಸ್ಸಿನ ಹುಡುಗಿ ಕನ್ನಡಕ ಹಾಕಿಕೊಂಡು ಹೋಗುತ್ತಾಳಲ್ಲ, ಇದೂ ಹಾಗೇ ಕೈಗೆ ಸಿಗುವ ಹಾಗೆ ಇರಲಿ.

ಆಹಾರದ ಅಲರ್ಜಿ ಅಪರೂಪ ಅಂತ ಮೇಲೆ ಹೇಳಿದೆ. ಅಪರೂಪ ಅಂದರೆ ಸುಳ್ಳು ಅಂತ ಅರ್ಥವಲ್ಲ. ಆ ಸಾವಿರದಲ್ಲಿ ಒಂದು ಮಗು ನಿಮ್ಮದೇ ಆಗಿದ್ದರೆ, ಅಥವಾ ಹುಟ್ಟುಹಬ್ಬಕ್ಕೆ ನಿಮ್ಮ ಮನೆಗೆ ಬಂದ ಮಗು ಆಗಿದ್ದರೆ, ‘ಒಂದು ಚೂರು ತಿಂದರೆ ಏನೂ ಆಗಲ್ಲ, ಪ್ರಸಾದ ತಾನೇ’ ಅನ್ನುವ ಮಾತು ಜೀವಕ್ಕೆ ಕುತ್ತು. ತಿಂದ ಸ್ವಲ್ಪ ಹೊತ್ತಿಗೆ ಮೈಯೆಲ್ಲ ಗಂದೆ, ತುಟಿ ನಾಲಿಗೆ ಊತ, ಜೊತೆಗೆ ದನಿ ಒಡೆದು ಕೆಮ್ಮು, ಉಬ್ಬಸ, ಸತತ ವಾಂತಿ ಅಥವಾ ಮಂಕು ಕಂಡರೆ ಅದು ಅನಾಫಿಲಾಕ್ಸಿಸ್ ಎಂಬ ತುರ್ತು ಸ್ಥಿತಿ. ಆಗ ಮನೆಯಲ್ಲಿರುವ ಸೆಟ್ರಿಜಿನ್ ಕುಡಿಸಿ ಕಾಯುತ್ತಾ ಕೂರಬೇಡಿ. ಬೇಕಾಗಿರುವುದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್, ಅದೂ ನಿಮಿಷಗಳ ಒಳಗೆ. ಹತ್ತಿರದ ಆಸ್ಪತ್ರೆಗೆ ಓಡಿ, ಇಲ್ಲವೇ 108ಕ್ಕೆ ಕರೆ ಮಾಡಿ. ಮಗುವನ್ನು ಎಬ್ಬಿಸಿ ನಡೆಸಬೇಡಿ, ಕಾಲು ಎತ್ತರಿಸಿ ಮಲಗಿಸಿ. ಉಸಿರಾಟ ಕಷ್ಟವಿದ್ದರೆ ಮಾತ್ರ ಕೂರಿಸಿ. ಒಮ್ಮೆ ಹೀಗಾದ ಮಗುವಿಗೆ ಮುಂದೆ ಏನು ಜೊತೆಯಲ್ಲಿ ಇಟ್ಟುಕೊಳ್ಳಬೇಕು ಅಂತ ವೈದ್ಯರ ಹತ್ತಿರ ಬರೆಸಿಕೊಂಡು, ಒಂದು ಪ್ರತಿ ಶಾಲೆಗೆ ಕೊಡಿ. ಅಮ್ಮ ಅತಿ ಮಾಡುತ್ತಾಳೆ ಅಂತ ಯಾರಾದರೂ ಅಂದರೆ ಅನ್ನಲಿ.

ಅಂಥ ಮನೆಯವರು ಪ್ಯಾಕೆಟ್ಟಿನ ಹಿಂಬದಿ ಓದುವುದನ್ನು ಕಲಿಯಬೇಕು. ಗೋಧಿಯಂಥ ಗ್ಲೂಟನ್ ಇರುವ ಧಾನ್ಯ, ಸಿಗಡಿ ಏಡಿ, ಹಾಲು, ಮೊಟ್ಟೆ, ಮೀನು, ಕಡಲೆಬೀಜ ಮತ್ತು ಗೋಡಂಬಿ ಬಾದಾಮಿ ಜಾತಿಯವು, ಸೋಯಾ, ಸಲ್ಫೈಟ್ ಇವಿದ್ದರೆ ಹೇಳಲೇಬೇಕು ಅಂತ ನಮ್ಮ ದೇಶದ 2020ರ ಲೇಬಲ್ ನಿಯಮ ಹೇಳುತ್ತದೆ. ಆ ಪಟ್ಟಿಯಲ್ಲಿ ಎಳ್ಳು, ಸಾಸಿವೆ ಇಲ್ಲ. ಎಳ್ಳು ಬೀರುವ ನಾಡಿನವರಿಗೆ ಇದು ನೆನಪಿರಲಿ. ಇಂಗಿನ ಡಬ್ಬಿ ತಿರುಗಿಸಿ ನೋಡಿದ್ದೀರಾ? ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆತಿರುತ್ತದೆ. ಚಪಾತಿ ನಿಲ್ಲಿಸಿ, ಸಾರಿನಲ್ಲಿ ಗೋಧಿ ಕೊಡುತ್ತಿರುತ್ತೇವೆ!

ಪುಟ್ಟ ಮಕ್ಕಳ ತಾಯಂದಿರಿಗೆ ಒಂದು ಮಾತು. ಕಡಲೆಬೀಜ, ಮೊಟ್ಟೆ ಇಂಥವನ್ನು ಎರಡು ಮೂರು ವರ್ಷದ ತನಕ ಕೊಡಬೇಡಿ ಅಂತ ಮೊದಲು ಹೇಳುತ್ತಿದ್ದರು. ಆ ಸಲಹೆ ಈಗ ತಿರುಗಿದೆ. ಇಂಗ್ಲೆಂಡಿನಲ್ಲಿ ಅಲರ್ಜಿ ಬರುವ ಸಂಭವ ಹೆಚ್ಚಿದ್ದ 640 ಕೂಸುಗಳಲ್ಲಿ ಅರ್ಧ ಕೂಸುಗಳಿಗೆ ವರ್ಷದೊಳಗೇ ಕಡಲೆಬೀಜದ ಪದಾರ್ಥ ಶುರು ಮಾಡಿ, ಇನ್ನರ್ಧಕ್ಕೆ ಕೊಡದೆ ಐದು ವರ್ಷ ನೋಡಿದರು. 2015ರಲ್ಲಿ ಫಲಿತಾಂಶ ಬಂತು: ಕೊಡದವರಲ್ಲಿ ಶೇಕಡಾ 17.2 ಮಕ್ಕಳಿಗೆ ಕಡಲೆಬೀಜದ ಅಲರ್ಜಿ, ಕೊಟ್ಟವರಲ್ಲಿ ಶೇಕಡಾ 3.2. ಹಾಗಾಗಿ ಆರು ತಿಂಗಳ ನಂತರ ಊಟ ಶುರುವಾದಾಗ ರಾಗಿ ಸರಿಯಲ್ಲಿ ನುಣ್ಣಗೆ ಪುಡಿ ಮಾಡಿದ ಕಡಲೆಬೀಜ ಸ್ವಲ್ಪ ಬೆರೆಸಬಹುದು. ಇಡೀ ಬೀಜ ಮಾತ್ರ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಗುವಿಗೆ ಜೋರು ಇಸುಬು ಇದ್ದರೆ ಅಥವಾ ಈಗಾಗಲೇ ಮೊಟ್ಟೆಯ ಅಲರ್ಜಿ ಇದ್ದರೆ ವೈದ್ಯರನ್ನು ಕೇಳಿಯೇ ಶುರು ಮಾಡಿ. ಹಾಂ, ‘ಬಸುರಿಯಲ್ಲಿ ನೀನು ಏನು ತಿಂದೆಯೋ, ಅದಕ್ಕೇ ಮಗುವಿಗೆ ಹೀಗೆ’ ಅನ್ನುವವರಿಗೆ ಹೇಳಿ, ಅಲರ್ಜಿಯ ಗುಣ ವಂಶದಲ್ಲಿ ಬರುತ್ತದೆ, ಅಪ್ಪನ ಕಡೆಯಿಂದಲೂ ಬರುತ್ತದೆ ಅಂತ.

ಇಷ್ಟು ಹೊತ್ತು ಮಕ್ಕಳದಾಯಿತು. ನಿಮ್ಮದು? ಮನೆಯ ಅಟ್ಟ, ಕಪಾಟು, ಫ್ಯಾನು ಒರೆಸುವವರು ನೀವೇ. ಹಬ್ಬಕ್ಕೆ ಮುಂಚಿನ ವಾರ ಪೂರ್ತಿ ಸೀನುತ್ತಾ ಒಂದು ಮಾತ್ರೆ ನುಂಗಿ ಕೆಲಸ ಮುಂದುವರಿಸುತ್ತೀರಿ. ಮೂಗು ಬಿಡಿಸುವ ಡ್ರಾಪ್ಸ್ ತಿಂಗಳುಗಟ್ಟಲೆ ಹಾಕಿಕೊಳ್ಳುವ ಎಷ್ಟು ಜನ ಗೆಳತಿಯರು ನನಗೇ ಗೊತ್ತು. ಝೈಲೊಮೆಟಾಜೊಲಿನ್‌ನಂಥ ಆ ಡ್ರಾಪ್ಸನ್ನು ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಅದೇ ಮೂಗು ಕಟ್ಟಿಸುತ್ತದೆ. ದಿನಾ ಸೀನುವವರಿಗೆ ವೈದ್ಯರು ಕೊಡುವ ಮೂಗಿನ ಸ್ಪ್ರೇ ಬೇರೆ ಇದೆ, ಅದು ಕೆಲಸ ಮಾಡಲು ಕೆಲವು ದಿನ ಬೇಕು, ತಾಳ್ಮೆ ಇರಲಿ.

ಚರ್ಮದ ಅಲರ್ಜಿಯಂತೂ ನಮ್ಮ ಡ್ರೆಸ್ಸಿಂಗ್ ಟೇಬಲ್ಲಿನಲ್ಲೇ ಕೂತಿದೆ. ಸ್ಟಿಕ್ಕರ್ ಬಿಂದಿಯ ಅಂಟಿನಲ್ಲಿರುವ ರಾಸಾಯನಿಕದಿಂದ ಹಣೆಯಲ್ಲಿ ತುರಿಕೆ ಬಂದು, ಕೆಲವರಿಗೆ ಬಿಂದಿಯ ಆಕಾರದಲ್ಲೇ ಬಿಳಿ ಮಚ್ಚೆ ಉಳಿಯುತ್ತದೆ. ತುರಿಸಿದ ದಿನವೇ ಬಿಂದಿ ತೆಗೆಯಿರಿ, ಸ್ವಲ್ಪ ಪಕ್ಕಕ್ಕೆ ಅಂಟಿಸಿಕೊಳ್ಳುವುದು ಪರಿಹಾರವಲ್ಲ. ಹೇರ್ ಡೈಯಲ್ಲಿ, ‘ಕಪ್ಪು ಮೆಹಂದಿ’ಯಲ್ಲಿ ಪಿಪಿಡಿ ಎಂಬ ರಾಸಾಯನಿಕವಿದೆ. ಡೈ ಹಾಕುವ 48 ಗಂಟೆ ಮೊದಲು ಕಿವಿಯ ಹಿಂದೆ ಹಚ್ಚಿ ನೋಡಿ ಅಂತ ಡಬ್ಬಿಯ ಜೊತೆಗಿನ ಚೀಟಿ ಹೇಳುತ್ತದೆ. ಆ ಚೀಟಿ ಕಸದ ಬುಟ್ಟಿಗೆ ಹೋಗುತ್ತದೆ. ಹತ್ತು ವರ್ಷ ಸುಮ್ಮನಿದ್ದ ಡೈ ಹನ್ನೊಂದನೇ ವರ್ಷ ಮುಖ ಊದಿಸಬಹುದು, ಅಲರ್ಜಿ ಯಾವ ವಯಸ್ಸಿನಲ್ಲೂ ಶುರುವಾಗುತ್ತದೆ. ಎಡಗೈಯ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿನ ತುದಿ ಮಾತ್ರ ಒಡೆದು ಉರಿಯುತ್ತಿದ್ದರೆ ಬೆಳ್ಳುಳ್ಳಿಯ ಮೇಲೆ ಅನುಮಾನ ಪಡಿ. ಹಿಡಿದುಕೊಳ್ಳುವುದು ಆ ಮೂರು ಬೆರಳಲ್ಲೇ ಅಲ್ಲವೇ? ಎರಡು ವಾರ ಸುಲಿಯುವ ಕೆಲಸ ಬೇರೆಯವರಿಗೆ ಕೊಟ್ಟು ನೋಡಿ. ಗಿಲೀಟಿನ ಓಲೆಯಲ್ಲಿರುವ ನಿಕ್ಕಲ್ ಬಗ್ಗೆ ನಿಮಗೆ ಗೊತ್ತೇ ಇದೆ. ಇದಕ್ಕೆಲ್ಲ ಮೆಡಿಕಲ್ ಶಾಪಿನವನು ಕೊಡುವ ಮುಲಾಮು ಹಚ್ಚಬೇಡಿ, ಅನೇಕ ಬಾರಿ ಅದರಲ್ಲಿ ಜೋರು ಸ್ಟೆರಾಯ್ಡ್ ಇರುತ್ತದೆ, ಮುಖದ ಚರ್ಮ ತೆಳ್ಳಗಾಗುತ್ತದೆ. ಮಾತ್ರೆ, ಇಂಜೆಕ್ಷನ್‌ನಿಂದ ಎಂದಾದರೂ ಗಂದೆ, ಊತ ಬಂದಿದ್ದರೆ ಆ ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ.

ವೈದ್ಯರ ಹತ್ತಿರ ಹೋಗುವ ಮುನ್ನ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ: ಸೀನು ಬೆಳಗ್ಗೆಯೋ ಸಂಜೆಯೋ, ಊರಿಗೆ ಹೋದಾಗ ಕಡಿಮೆಯಾಯಿತೋ, ಗಂದೆ ಎದ್ದದ್ದು ಏನು ತಿಂದ ಎಷ್ಟು ಹೊತ್ತಿಗೆ. ಇನ್ನೂರು ಆಹಾರದ ರಿಪೋರ್ಟಿಗಿಂತ ಈ ಎರಡು ಪುಟ ಅವರಿಗೆ ಹೆಚ್ಚು ಉಪಯೋಗ. ಚರ್ಮದ ಪರೀಕ್ಷೆ ಮಾಡಿಸುವುದಿದ್ದರೆ ಅಲರ್ಜಿ ಮಾತ್ರೆ ಎಷ್ಟು ದಿನ ಮೊದಲೇ ನಿಲ್ಲಿಸಬೇಕು ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಈ ಭಾನುವಾರ ಅಟ್ಟದ ಮೇಲಿನ ಟ್ರಂಕು ಇಳಿಸಿ ರಗ್ಗು ಕೊಡವುವ ಕೆಲಸವನ್ನು ಮನೆಯಲ್ಲಿ ಯಾರು ಸೀನುವುದಿಲ್ಲವೋ ಅವರಿಗೆ ವಹಿಸಿ. ಆ ಒಂದು ಗಂಟೆ ನೀವು ಮಗುವನ್ನು ಕರೆದುಕೊಂಡು ಹೊರಗೆ ಹೋಗಿ, ಬರುವಾಗ ಬಾಳೆಹಣ್ಣು ತನ್ನಿ.